ಹಾಸಿಗೆಯ ಕೆಳಗಿನ ಹಣ



ನಿಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಶಾಲೆಗೆ ರಜೆಯಿದ್ದಾಗ ತನ್ನ ಮಗುವನ್ನೂ ಕರೆತರುವುದುಂಟೇ? ಆ ಮಗು ನಿಮ್ಮ ಮಗನ ಜೊತೆ ಇಡೀ ದಿನ ಅಂಗಳದಲ್ಲಿ ಆಡುತ್ತದೆ. ಸಂಜೆ ಬಂದ ನೆಂಟರು 'ಇವನಾರು?' ಎಂದು ಕೇಳಿದರೆ ನಿಮ್ಮ ಮಗ ಏನೆನ್ನುತ್ತಾನೆ? 'ನನ್ನ ಗೆಳೆಯ' ಎನ್ನುತ್ತಾನೆಯೇ, 'ಕೆಲಸದವಳ ಮಗ' ಎನ್ನುತ್ತಾನೆಯೇ?

ಖಾಲಿದ್ ಹುಸೈನಿಯವರ 'ದಿ ಕೈಟ್ ರನ್ನರ್' ಓದುವಾಗ ನನ್ನನ್ನು ಕಾಡಿದ ಪ್ರಶ್ನೆಯಿದು. ಕಾಬೂಲಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ವೈದ್ಯರಾಗಿದ್ದ ಹುಸೈನಿಯವರ ಈ ಮೊದಲ ಕಾದಂಬರಿ 2003ರಲ್ಲಿ ಪ್ರಕಟವಾಯಿತು. 2007ರಲ್ಲಿ ಚಲನಚಿತ್ರವೂ ಆಯಿತು.

ಅಮೀರ್ ಕಾಬೂಲಿನ ಶ್ರೀಮಂತ ಪಶ್ತೂನ್ ವ್ಯಾಪಾರಿಯ ಮಗ. ಹಸನ್ ಅದೇ ಮನೆಯ ಆಳಿನ ಮಗ, ಹಝಾರಾ ಜನಾಂಗದವನು. ಒಬ್ಬನಿಗೆ ಬಂಗಲೆ, ಇನ್ನೊಬ್ಬನಿಗೆ ಅದರ ಹಿತ್ತಲಿನ ಮಣ್ಣಿನ ಗುಡಿಸಲು. ಅಮೀರನ ತಾಯಿ ಹೆರಿಗೆಯಲ್ಲೇ ತೀರಿಹೋದಳು. ಹಸನನ ತಾಯಿ ಹೆತ್ತ ಕೆಲವೇ ದಿನಗಳಲ್ಲಿ ಮನೆ ಬಿಟ್ಟು ಹೋದಳು. ಇಬ್ಬರಿಗೂ ಹಾಲೂಡಿಸಿದವಳು ಒಬ್ಬಳೇ ದಾದಿ. ಶರೀಅತ್‌ನಲ್ಲಿ ಹಾಲಿನ ಸಂಬಂಧಕ್ಕೆ ಎಂತಹ ಸ್ಥಾನವಿದೆಯೆಂದು ನಿಮಗೆ ಹೇಳಬೇಕಿಲ್ಲ. ಅಮೀರ್ ಮೊದಲು ತೊದಲಿದ ಮಾತು 'ಬಾಬಾ'. ಹಸನ್ ತೊದಲಿದ್ದು 'ಅಮೀರ್'. ಇಡೀ ಕಥೆ ಈ ಎರಡು ಪದಗಳಲ್ಲೇ ಇದೆಯೆಂದು ನನಗನಿಸುತ್ತದೆ.

ಅಮೀರ್ ಶಾಲೆಗೆ ಹೋಗುತ್ತಾನೆ, ಹಸನ್ ಅವನ ಬಟ್ಟೆ ಇಸ್ತ್ರಿ ಮಾಡುತ್ತಾನೆ. ಅಕ್ಷರ ಬಾರದ ಹಸನನಿಗೆ ಅಮೀರ್ ಶಾಹನಾಮೆಯ ಕಥೆಗಳನ್ನು ಓದಿ ಹೇಳುತ್ತಾನೆ, ನಡುನಡುವೆ ಅವನ ಅಜ್ಞಾನವನ್ನು ಕಂಡು ಒಳಗೊಳಗೇ ನಗುತ್ತಾನೆ. ತಂದೆಯ ಸ್ನೇಹಿತರು ಮಕ್ಕಳೊಂದಿಗೆ ಬಂದರೆ ಆ ದಿನ ಹಸನನಿಗೆ ಆಟದಲ್ಲಿ ಜಾಗವಿಲ್ಲ. ಇದಾವುದೂ ದೊಡ್ಡ ಅಪರಾಧವಲ್ಲ. ಯಾರೂ ಯಾರನ್ನೂ ಹೊಡೆದಿಲ್ಲ. ಆದರೆ ಮುಂದಿನ ದ್ರೋಹಕ್ಕೆ ನೆಲ ಹದವಾದದ್ದು ಇಲ್ಲಿಯೇ.

1975ರ ಚಳಿಗಾಲದ ಗಾಳಿಪಟ ಸ್ಪರ್ಧೆಯಲ್ಲಿ ಅಮೀರ್ ಗೆಲ್ಲುತ್ತಾನೆ. ಕೊನೆಯದಾಗಿ ಕತ್ತರಿಸಿದ ಪಟವನ್ನು ತರಲು ಹಸನ್ ಓಡುತ್ತಾನೆ. ಆ ಪಟ ಕೈಗೆ ಬಂದರೆ ತಂದೆಯ ಪ್ರೀತಿಯೂ ಸಿಕ್ಕೀತೆಂಬ ಆಸೆ ಅಮೀರನಿಗೆ. ಓಣಿಯೊಂದರಲ್ಲಿ ಪುಂಡರು ಹಸನನನ್ನು ಅಡ್ಡಗಟ್ಟುತ್ತಾರೆ. ಪಟ ಬಿಟ್ಟುಕೊಟ್ಟಿದ್ದರೆ ಅವನು ಪಾರಾಗುತ್ತಿದ್ದ. ಕೊಡಲಿಲ್ಲ. ಆ ಮಗುವಿನ ಮೇಲೆ ನಡೆದ ದೌರ್ಜನ್ಯವನ್ನು ಅಮೀರ್ ಮರೆಯಲ್ಲಿ ನಿಂತು ಕಾಣುತ್ತಾನೆ, ಓಡಿಹೋಗುತ್ತಾನೆ. ಅವನು ಬರೀ ಹಝಾರಾ ತಾನೇ ಎಂಬ ಯೋಚನೆ ಅವನ ಮನಸ್ಸಿನಲ್ಲಿ ಸುಳಿಯುತ್ತದೆ. ಹನ್ನೆರಡು ವರ್ಷದ ಹುಡುಗ ಹೆದರಿದ್ದನ್ನು ನಾನು ಕ್ಷಮಿಸಬಲ್ಲೆ. ಆ ಯೋಚನೆ ಅವನಿಗೆ ಅಷ್ಟು ಸುಲಭವಾಗಿ ಒದಗಿತಲ್ಲ, ಅದು ಅವನದೊಬ್ಬನದಲ್ಲ, ಇಡೀ ಮನೆಯದು, ಊರಿನದು.

ತಪ್ಪು ಮಾಡಿದವನಿಗೆ ತಪ್ಪಿನ ಸಾಕ್ಷಿ ಕಣ್ಣೆದುರು ಓಡಾಡುವುದು ಸಹಿಸದು. ತನ್ನ ಹೊಸ ಗಡಿಯಾರ ಮತ್ತು ಒಂದಿಷ್ಟು ಹಣವನ್ನು ಹಸನನ ಹಾಸಿಗೆಯ ಕೆಳಗಿಟ್ಟು ಅಮೀರ್ ಕಳವಿನ ದೂರು ಕೊಡುತ್ತಾನೆ. ಹಸನ್ ಏನು ಮಾಡಿದ ಗೊತ್ತೇ? ತಾನೇ ಕದ್ದೆನೆಂದು ಒಪ್ಪಿಕೊಂಡ! ಬಾಬಾ ಕ್ಷಮಿಸಿದರೂ ತಂದೆ-ಮಗ ಆ ಮನೆಯಲ್ಲಿ ಉಳಿಯಲಿಲ್ಲ.

ಇಲ್ಲಿ ನನ್ನದೊಂದು ತಕರಾರಿದೆ. ಹಸನನಿಗೆ ಸಿಟ್ಟೇ ಬರುವುದಿಲ್ಲ. ಅಮೀರ್ ದಾಳಿಂಬೆ ಹಣ್ಣುಗಳನ್ನು ಅವನ ಮೈಮೇಲೆ ಎಸೆದು, ತಿರುಗಿ ಹೊಡೆಯೆಂದು ಕೆಣಕಿದಾಗ ಅವನು ಒಂದು ಹಣ್ಣನ್ನು ತನ್ನ ಹಣೆಗೇ ಒತ್ತಿ ಒಡೆದುಕೊಳ್ಳುತ್ತಾನೆ. ಓದಿ ನಾವು ಕಣ್ಣೀರಿಡುತ್ತೇವೆ, ನಿಜ. ಆದರೆ ಸಿಟ್ಟಾಗದ ಬಡವನನ್ನು ಪ್ರೀತಿಸುವುದು ಉಳ್ಳವರಿಗೆ ಬಹಳ ಸುಲಭ. ಹಸನನ ಮನಸ್ಸನ್ನು ಅವನ ಬಾಯಿಂದಲೇ ಕೇಳುವ ಅವಕಾಶ ಒಂದು ಪತ್ರದ ಹೊರತು ನಮಗೆ ಸಿಗುವುದಿಲ್ಲ.

ಸೋವಿಯತ್ ಸೇನೆ ಬಂದ ಮೇಲೆ ಅಮೀರ್ ಮತ್ತು ಬಾಬಾ ಅಮೆರಿಕ ಸೇರುತ್ತಾರೆ. ಬಂಗಲೆಯ ಬಾಬಾ ಅಲ್ಲಿ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಾರೆ. 2001ರಲ್ಲಿ ಬಂದ ಒಂದು ಫೋನ್ ಕರೆ ಅಮೀರನನ್ನು ಪೇಶಾವರಕ್ಕೆ, ಅಲ್ಲಿಂದ ತಾಲಿಬಾನ್ ಆಳುತ್ತಿದ್ದ ಕಾಬೂಲಿಗೆ ಒಯ್ಯುತ್ತದೆ. ಅಲ್ಲಿ ಅವನಿಗೆ ಎದುರಾಗುವ ಸತ್ಯವನ್ನು ಹೇಳಿಬಿಟ್ಟರೆ ಓದುವ ರುಚಿ ಕೆಡುತ್ತದೆ. ಒಂದನ್ನು ಮಾತ್ರ ಹೇಳುತ್ತೇನೆ. ದಾರಿಯಲ್ಲಿ ಬಡ ಕುಟುಂಬವೊಂದು ತಮ್ಮ ಮಕ್ಕಳ ಪಾಲಿನ ಊಟವನ್ನೂ ಅವನಿಗೇ ಬಡಿಸುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ಯಾರೂ ನೋಡದಂತೆ ಅಮೀರ್ ಆ ಮನೆಯ ಹಾಸಿಗೆಯ ಕೆಳಗೆ ಒಂದು ಹಿಡಿ ಹಣ ಇಡುತ್ತಾನೆ.

ಕಾಲೇಜು ಓದುವ ಮಕ್ಕಳಿದ್ದರೆ ಅವರಿಗೂ ಕೊಡಿ, ಇಂಗ್ಲಿಷ್ ಕಷ್ಟವೇನಿಲ್ಲ. ಸಣ್ಣವರಿಗೆ ಮಾತ್ರ ಈಗಲೇ ಬೇಡ. ಏಳನೆಯ ಅಧ್ಯಾಯವನ್ನು ಮೊದಲು ನೀವೇ ಓದಿ ನೋಡಿ.