ಕಾಣದ ಎಂಜಿನ್ನಿನ ಪಾಲನೆ

ಕನ್ನಡ ವಿಕಿಪೀಡಿಯವನ್ನು ತೆರೆದು ಹಂಪೆಯ ವಿಷಯವನ್ನೋ ಹೊನ್ನೆಮರದ ವಿಷಯವನ್ನೋ ಓದುವ ವಿದ್ಯಾರ್ಥಿಗೆ, ಆ ಪುಟವು ತನ್ನ ಕಣ್ಣೆದುರಿಗೆ ಬಂದುದು ಹೇಗೆಂಬ ಪ್ರಶ್ನೆ ಏಳುವುದು ಅಪೂರ್ವ. ಬರೆದಿಟ್ಟುದನ್ನು ಉಗ್ರಾಣದಿಂದ ತೆಗೆದು, ಪುಟವಾಗಿ ಜೋಡಿಸಿ, ಕೇಳಿದವನಿಗೆ ಕಳುಹಿಸುವ ಕೆಲಸವನ್ನು ಎಲ್ಲೋ ದೂರದ ಗಣಕಯಂತ್ರದಲ್ಲಿ ಪಿ.ಎಚ್.ಪಿ. ಎಂಬ ಭಾಷೆಯ ಆದೇಶಗಳು ನಡೆಸುತ್ತವೆ. ಆ ಆದೇಶಗಳನ್ನು ಅರ್ಥೈಸಿ ಕಾರ್ಯರೂಪಕ್ಕೆ ತರುವ ತಂತ್ರಾಂಶವೇ ಜೆಂಡ್ ಎಂಜಿನ್. ಲೋಕದ ಜಾಲತಾಣಗಳಲ್ಲಿ ಬಹುದೊಡ್ಡ ಪಾಲು ಇದನ್ನೇ ನಂಬಿ ನಿಂತಿದೆ. ಇದರ ಮೂಲಪಾಠ ಎಲ್ಲರಿಗೂ ತೆರೆದಿದೆ. ಬಳಸುವುದಕ್ಕೆ ಯಾರೂ ಬೆಲೆ ತೆರಬೇಕಾಗಿಲ್ಲ. ಈ ಔದಾರ್ಯದಲ್ಲಿಯೇ ಅಪಾಯವೂ ಅಡಗಿದೆ.

ಗ್ರೀನ್‌ಲೆಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ಅವರು ತಮ್ಮ ಸ್ವಂತ ಪುಟದ ಅನುಕೂಲಕ್ಕಾಗಿ ರಚಿಸಿಕೊಂಡ ಸಣ್ಣ ಸಾಧನಗಳನ್ನು 1995ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಹೈಫಾ ನಗರದ ಟೆಕ್ನಿಯನ್ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳಾಗಿದ್ದ ಜೀವ್ ಸುರಾಸ್ಕಿ ಮತ್ತು ಆಂಡಿ ಗುಟ್‌ಮನ್ಸ್ ಅದನ್ನು ಹೊಸದಾಗಿ ಕಟ್ಟಿದರು. 2000ದಲ್ಲಿ ಹೊರಬಂದ ಎಂಜಿನ್ನು ಅವರಿಬ್ಬರ ಹೆಸರುಗಳ ಅಕ್ಷರಗಳನ್ನೇ ಹೊತ್ತಿದೆ. ಕಟ್ಟಿದವರ ಹೆಸರು ಹೀಗೆ ಉಳಿಯಿತು. ಕಾಪಾಡುವವರ ಪಾಡು ಬೇರೆ.

2021ರ ಮಾರ್ಚ್ 28ರಂದು ಯಾರೋ ವಂಚಕರು ಲೆರ್ಡಾರ್ಫ್ ಮತ್ತು ನಿಕಿತಾ ಪೊಪೊವ್ ಅವರ ಹೆಸರುಗಳನ್ನು ಮುಂದಿಟ್ಟುಕೊಂಡು ಮೂಲಪಾಠದೊಳಗೆ ಕಳ್ಳಬಾಗಿಲೊಂದನ್ನು ಸೇರಿಸಿದರು. ಪರಿಶೀಲಿಸುವ ಕಣ್ಣುಗಳು ಎಚ್ಚರವಾಗಿದ್ದುದರಿಂದ, ಅದು ಬಳಕೆದಾರರನ್ನು ತಲಪುವ ಮೊದಲೇ ಬಯಲಾಯಿತು. ಆದರೆ ಅಂಥ ಕಣ್ಣುಗಳು ಎಷ್ಟು? ಎಂಜಿನ್ನಿನ ಆಳವಾದ ಭಾಗಗಳನ್ನು ಚೆನ್ನಾಗಿ ಬಲ್ಲವರು ಒಬ್ಬಿಬ್ಬರೇ ಎಂದು ಅದರಲ್ಲಿ ದುಡಿದವರೇ ಅದೇ ವರ್ಷ ಎಚ್ಚರಿಸಿದರು. ಅಂಥವರಲ್ಲಿ ಒಬ್ಬರಾದ ಪೊಪೊವ್ ಬೇರೆ ಕೆಲಸಕ್ಕೆ ತೆರಳುವ ಸುದ್ದಿ ನವೆಂಬರಿನಲ್ಲಿ ಹೊರಬಿದ್ದಿತು. ಅದರೊಡನೆಯೇ ಜೆಟ್‌ಬ್ರೇನ್ಸ್, ಆಟೊಮ್ಯಾಟಿಕ್ ಮೊದಲಾದ ಸಂಸ್ಥೆಗಳು ಕೂಡಿ, ಪಾಲಕರಿಗೆ ವೇತನ ಕೊಡಲು ಪಿ.ಎಚ್.ಪಿ. ಪ್ರತಿಷ್ಠಾನವನ್ನು ಸ್ಥಾಪಿಸಿದವು. ಇಪ್ಪತ್ತಾರು ವರ್ಷಗಳ ಬಳಿಕ! ಜರ್ಮನಿಯ ಸರ್ಕಾರದ ಸಾವರಿನ್ ಟೆಕ್ ಫಂಡ್ 2024ರಲ್ಲಿ ನೆರವಿಗೆ ಬಂದಿತು.

ಸ್ವಯಂಸೇವಕರು ಇದ್ದೇ ಇರುತ್ತಾರೆ, ವೇತನವೇಕೆ ಎನ್ನುವವರುಂಟು. ಹೊಸ ಸೌಲಭ್ಯವೊಂದನ್ನು ಸೇರಿಸಲು ಉತ್ಸಾಹಿಗಳು ದೊರೆಯುತ್ತಾರೆ, ನಿಜ. ಆದರೆ 2024ರ ನಿಯಮದಂತೆ ಪ್ರತಿಯೊಂದು ಆವೃತ್ತಿಯ ದೋಷಗಳನ್ನು ಎರಡು ವರ್ಷ ತಿದ್ದಬೇಕು. ಮುಂದಿನ ಎರಡು ವರ್ಷ ಅದರ ಭದ್ರತೆಯನ್ನು ಕಾಯಬೇಕು. ವರ್ಷಕ್ಕೊಂದು ಆವೃತ್ತಿ ಬರುವುದರಿಂದ ಹಲವು ಆವೃತ್ತಿಗಳ ಕಾವಲು ಒಮ್ಮೆಗೇ ನಡೆಯಬೇಕಾಗುತ್ತದೆ. ಇಂಥ ನಿರಂತರವಾದ, ಕೀರ್ತಿಯಿಲ್ಲದ ದುಡಿಮೆಯನ್ನು ಬಿಡುವಿನ ವೇಳೆಗೆ ಬಿಟ್ಟುಬಿಡುವುದು ವಿವೇಕವಲ್ಲ. ಕೆರೆಯ ಹೂಳನ್ನು ಸಾಗಿಸುವ ಬಂಡಿಗಳ ಖರ್ಚಿಗೆಂದು ಭೂಮಿಯನ್ನು ಬಿಟ್ಟುಕೊಟ್ಟ ಶಾಸನಗಳು ಕನ್ನಡ ನಾಡಿನಲ್ಲಿವೆ. ಪಾಲನೆಗೂ ಉಂಬಳಿ ಬೇಕೆಂಬುದು ಆ ಕಾಲದವರಿಗೆ ತಿಳಿದಿತ್ತು. ಇದರಿಂದ ಲಾಭ ಗಳಿಸುವ ಸಂಸ್ಥೆಗಳು ಕೊಡುವ ಹಣವನ್ನು ದಾನವೆನ್ನುವುದಕ್ಕಿಂತ ಬಾಕಿಯ ಸಂದಾಯವೆನ್ನುವುದು ಹೆಚ್ಚು ಸರಿ.

ಹಣ ಕೊಟ್ಟವರೇ ಒಡೆಯರಾಗಿಬಿಟ್ಟರೆ ಗತಿಯೇನೆಂಬ ಶಂಕೆ ಮಾತ್ರ ತಳ್ಳಿಹಾಕುವಂಥದಲ್ಲ. ಭಾಷೆಯಲ್ಲಿ ಬದಲಾವಣೆಯಾಗಬೇಕಾದರೆ ಈಗಲೂ ಪ್ರಸ್ತಾವನೆಯು ಎಲ್ಲರೆದುರು ಚರ್ಚೆಯಾಗಿ, ಮತ ನೀಡಿದವರಲ್ಲಿ ಮೂರನೆಯ ಎರಡು ಪಾಲು ಜನರ ಒಪ್ಪಿಗೆಯನ್ನು ಪಡೆಯಬೇಕು. ವೇತನದ ವ್ಯವಸ್ಥೆ ಎಷ್ಟೇ ಬೆಳೆದರೂ ಈ ಪದ್ಧತಿಗೆ ಕೈಹಚ್ಚದಿರುವುದು ಮೇಲು.