ಭೂಕಂಪಕ್ಕೆ ಗಡಿಯಿಲ್ಲ, ನೆರವಿಗೇಕೆ ಗಡಿ?

2023ರ ಫೆಬ್ರವರಿ 6ರಂದು ನಸುಕಿನ 4 ಗಂಟೆ 17 ನಿಮಿಷಕ್ಕೆ ದಕ್ಷಿಣ ತುರ್ಕಿ ಮತ್ತು ಉತ್ತರ ಸಿರಿಯಾದ ನೆಲ ನಡುಗಿತು. ಫಜ್ರ್‌ಗೆ ಇನ್ನೂ ಹೊತ್ತಿತ್ತು. ಜನರು ಗಾಢ ನಿದ್ರೆಯಲ್ಲಿದ್ದರು. ಭೂಕಂಪದ ತೀವ್ರತೆ 7.8 ಆಗಿತ್ತು. ಸುಮಾರು ಒಂಬತ್ತು ಗಂಟೆಗಳ ಬಳಿಕ ಅಷ್ಟೇ ಭೀಕರವಾದ ಮತ್ತೊಂದು ಕಂಪನವು ಅಳಿದುಳಿದ ಕಟ್ಟಡಗಳನ್ನೂ ನೆಲಕ್ಕುರುಳಿಸಿತು. ತುರ್ಕಿಯಲ್ಲಿ 53 ಸಾವಿರಕ್ಕೂ ಅಧಿಕ ಮಂದಿ ಪ್ರಾಣ ತೆತ್ತರು. ಸಿರಿಯಾದಲ್ಲಿಯೂ ಸಾವಿರಾರು ಮಂದಿ ಸತ್ತರು. ಗಡಿಯ ಆಚೆ ಯಾರಿದ್ದಾರೆ, ಈಚೆ ಯಾರಿದ್ದಾರೆ ಎಂದು ಭೂಮಿ ವಿಚಾರಿಸಲಿಲ್ಲ. ವಿಚಾರಿಸಿದ್ದು ಮನುಷ್ಯ ಮಾತ್ರ.

ಗಡಿಯ ಒಂದು ಕಡೆಯಲ್ಲಿ ಜಗತ್ತು ನಿಜಕ್ಕೂ ಮಾನವೀಯತೆ ಮೆರೆಯಿತು. ಹತ್ತಾರು ದೇಶಗಳ ರಕ್ಷಣಾ ತಂಡಗಳು ತುರ್ಕಿಗೆ ಧಾವಿಸಿದವು. ಬದ್ಧ ವೈರಿಯೆಂದು ಹೆಸರಾದ ಗ್ರೀಸ್ ದೇಶದ ಸಿಬ್ಬಂದಿ ಅವಶೇಷಗಳಡಿಯಿಂದ ತುರ್ಕಿಯ ಮಕ್ಕಳನ್ನು ಹೊರತೆಗೆದರು. ಸುಮಾರು ಮೂವತ್ತು ವರ್ಷಗಳಿಂದ ಮುಚ್ಚಿದ್ದ ಅರ್ಮೇನಿಯಾದ ಗಡಿ ಪರಿಹಾರ ಸಾಮಗ್ರಿಯ ಲಾರಿಗಳಿಗಾಗಿ ತೆರೆಯಿತು. ನಮ್ಮ ದೇಶವೂ ‘ಆಪರೇಷನ್ ದೋಸ್ತ್’ ಹೆಸರಿನಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ತಂಡಗಳನ್ನು ಕಳುಹಿಸಿತು. ನಮ್ಮ ಸೇನೆಯ ವೈದ್ಯರು ಇಸ್ಕೆಂದರೂನ್‌ನಲ್ಲಿ ತಾತ್ಕಾಲಿಕ ಆಸ್ಪತ್ರೆ ತೆರೆದು ಗಾಯಾಳುಗಳಿಗೆ ಚಿಕಿತ್ಸೆ ನೀಡಿದರು. ಕಾಶ್ಮೀರದ ಕುರಿತು ಮಾತನಾಡುವ ತುರ್ಕಿಗೆ ನಾವೇಕೆ ನೆರವಾಗಬೇಕೆಂದು ಕೇಳಿದವರು ನಮ್ಮಲ್ಲಿದ್ದರು. ಸರಕಾರ ಆ ಮಾತಿಗೆ ಕಿವಿಗೊಡಲಿಲ್ಲ. ಅದು ಸರಿಯಾದ ನಿಲುವಾಗಿತ್ತು. ಸರಕಾರದ ತಪ್ಪುಗಳನ್ನು ಟೀಕಿಸುವ ನಾವು ಅದರ ಒಳಿತನ್ನೂ ಒಳಿತೆಂದೇ ಹೇಳಬೇಕು.

ಇನ್ನೊಂದು ಕಡೆಯಲ್ಲಿ ಏನಾಯಿತು? ವಾಯವ್ಯ ಸಿರಿಯಾದಲ್ಲಿ ನಲ್ವತ್ತು ಲಕ್ಷಕ್ಕೂ ಅಧಿಕ ಜನರಿದ್ದರು. ಅವರಲ್ಲಿ ಬಹುಪಾಲು ಮಂದಿ ಯುದ್ಧದಿಂದಾಗಿ ಮನೆಮಠ ಕಳಕೊಂಡು ಬಂದವರು, ಹೊರಗಿನ ನೆರವನ್ನೇ ನಂಬಿ ಬದುಕುತ್ತಿದ್ದವರು. ಅಲ್ಲಿಗೆ ತುರ್ಕಿಯಿಂದ ನೆರವು ಸಾಗಿಸಲು ಭದ್ರತಾ ಮಂಡಳಿಯ ಅನುಮತಿಯಿದ್ದುದು ಬಾಬುಲ್ ಹವಾ ಎಂಬ ಒಂದೇ ಒಂದು ಗಡಿದ್ವಾರಕ್ಕೆ. ಅವಶೇಷಗಳಡಿ ಸಿಲುಕಿದವರು ಜೀವಂತವಾಗಿ ಸಿಗುವುದು ಹೆಚ್ಚಾಗಿ ಮೊದಲ ಮೂರು ದಿನಗಳಲ್ಲಿ. ವಿಶ್ವಸಂಸ್ಥೆಯ ಮೊದಲ ಆರು ಲಾರಿಗಳು ಆ ಗಡಿ ದಾಟಿದ್ದು ನಾಲ್ಕನೆಯ ದಿನ. ಅವುಗಳಲ್ಲಿದ್ದುದು ಕೂಡ ಭೂಕಂಪಕ್ಕೆ ಮುನ್ನವೇ ಕಳುಹಿಸಲು ಸಿದ್ಧಪಡಿಸಿದ್ದ ಸಾಮಗ್ರಿ. ಅದಕ್ಕಿಂತ ಮೊದಲು ಆ ದ್ವಾರದಿಂದ ಒಳಗೆ ಬಂದದ್ದು ತುರ್ಕಿಯಲ್ಲಿ ಆಶ್ರಯ ಪಡೆದಿದ್ದು ಭೂಕಂಪಕ್ಕೆ ಬಲಿಯಾದ ಸಿರಿಯನ್ನರ ಮೃತದೇಹಗಳು. ಶವಗಳಿಗೆ ತೆರೆದ ಬಾಗಿಲು ಯಂತ್ರಗಳಿಗೆ ತೆರೆಯಲಿಲ್ಲ. ‘ವೈಟ್ ಹೆಲ್ಮೆಟ್ಸ್’ ಎಂದು ಹೆಸರಾದ ಸ್ಥಳೀಯ ಸ್ವಯಂಸೇವಕರು ಕೈಗೆ ಸಿಕ್ಕ ಸಲಕರಣೆಗಳಿಂದ, ಕೆಲವೆಡೆ ಬರಿಗೈಯಿಂದಲೇ, ಕಾಂಕ್ರೀಟು ಬಗೆದರು. ವಾಯವ್ಯ ಸಿರಿಯಾದ ಜನರ ವಿಷಯದಲ್ಲಿ ತಾವು ವಿಫಲರಾಗಿದ್ದೇವೆಂದು ವಿಶ್ವಸಂಸ್ಥೆಯ ಪರಿಹಾರ ಕಾರ್ಯಗಳ ಮುಖ್ಯಸ್ಥ ಮಾರ್ಟಿನ್ ಗ್ರಿಫಿತ್ಸ್ ಫೆಬ್ರವರಿ 12ರಂದು ಬಹಿರಂಗವಾಗಿ ಒಪ್ಪಿಕೊಂಡರು.

ಇದಕ್ಕೆ ಹೊಣೆ ಯಾರು? ಅಮೆರಿಕ ಮತ್ತು ಯುರೋಪಿನ ದಿಗ್ಬಂಧನಗಳೆಂದು ನಮ್ಮ ಅನೇಕ ವೇದಿಕೆಗಳಿಂದ ಕೇಳಿಬಂತು. ಅದು ಸುಳ್ಳಲ್ಲ. ದಿಗ್ಬಂಧನದ ಭೀತಿಯಿಂದ ಬ್ಯಾಂಕುಗಳು ಸಿರಿಯಾಕ್ಕೆ ಪರಿಹಾರದ ಹಣವನ್ನು ಸಾಗಿಸಲೂ ಹಿಂಜರಿಯುತ್ತಿದ್ದವು. ಫೆಬ್ರವರಿ 9ರಂದು ಅಮೆರಿಕವು ಭೂಕಂಪ ಪರಿಹಾರಕ್ಕಾಗಿ 180 ದಿನಗಳ ವಿನಾಯಿತಿ ಘೋಷಿಸಿತು. ಆದರೆ ಇದು ಅರ್ಧ ಸತ್ಯ ಮಾತ್ರ. 2014ರಲ್ಲಿ ಭದ್ರತಾ ಮಂಡಳಿ ನಾಲ್ಕು ಗಡಿದ್ವಾರಗಳಿಗೆ ಅನುಮತಿ ನೀಡಿತ್ತು. 2020ರಲ್ಲಿ ಅದು ಒಂದಕ್ಕಿಳಿಯಲು ಕಾರಣ ರಶ್ಯಾ ಮತ್ತು ಚೀನಾದ ವೀಟೋ. ನೆರವೆಲ್ಲವೂ ತನ್ನ ಕೈಯ ಮೂಲಕವೇ ಹೋಗಬೇಕೆಂದು ಹಟ ಹಿಡಿದದ್ದು ದಮಾಸ್ಕಸ್‌ನ ಬಶ್ಶಾರುಲ್ ಅಸದ್ ಸರಕಾರ. ಅಸದ್ ಇನ್ನೆರಡು ದ್ವಾರಗಳನ್ನು ತೆರೆಯಲು ಒಪ್ಪಿದ್ದು ಫೆಬ್ರವರಿ 13ರಂದು. ಸರಕಾರದ ಹಿಡಿತದಲ್ಲಿದ್ದ ಪ್ರದೇಶದಿಂದ ಬರುವ ನೆರವು ತಮಗೆ ಬೇಡವೆಂದು ತಡೆದದ್ದು ಇದ್ಲಿಬ್‌ನ ಸಶಸ್ತ್ರ ಗುಂಪು. ಒಂದು ಪ್ರಶ್ನೆ ಇವರೆಲ್ಲರಿಗೂ ಅನ್ವಯಿಸುತ್ತದೆ: ನಾಲ್ಕನೆಯ ದಿನ, ಎಂಟನೆಯ ದಿನ ಸಾಧ್ಯವಾದದ್ದು ಮೊದಲ ದಿನವೇ ಏಕೆ ಸಾಧ್ಯವಾಗಲಿಲ್ಲ?

ನಾವು ಪಾಶ್ಚಾತ್ಯರ ಹೆಸರು ಹೇಳಿ ಉಳಿದವರ ಹೆಸರು ನುಂಗಿದೆವು. ನಮಗೆ ಪ್ರಿಯವಾದ ಕಡೆಯವರ ತಪ್ಪು ನಮಗೆ ಕಾಣಲಿಲ್ಲ. ಸ್ವತಃ ನಮಗೆ ಅಥವಾ ನಮ್ಮ ಹೆತ್ತವರಿಗೆ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ಹೇಳಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸಿದೆ. ಆ ಆದೇಶಕ್ಕೆ ಬದ್ಧರಾದವರು ಗುರಾಣಿಯಂತೆ ಜನರ ಹಸಿವನ್ನು ಮುಂದೊಡ್ಡಿದ ಎಲ್ಲರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಬೇಕಲ್ಲವೇ?

ಮತ್ತೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಪ್ರತಿ ಭೂಕಂಪದ ಬಳಿಕವೂ ‘ಇದು ಆ ಜನರ ಪಾಪಕ್ಕೆ ಬಂದ ಅಝಾಬ್’ ಎಂಬ ತೀರ್ಪು ನಮ್ಮ ಮೊಬೈಲುಗಳಲ್ಲಿ ಹರಿದಾಡುತ್ತದೆ. ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿಯೂ ಕೇಳಿಬರುತ್ತದೆ. ಈ ತೀರ್ಪು ನೀಡುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು? ಕುಸಿದ ಕಟ್ಟಡದಡಿ ಸಿಲುಕಿ ಸತ್ತ ವಿಶ್ವಾಸಿಯನ್ನು ಪ್ರವಾದಿ(ಸ)ರು ಹುತಾತ್ಮರ ಸಾಲಿನಲ್ಲಿ ಎಣಿಸಿದ್ದಾರೆ. ನಾವು ಆತನನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸುತ್ತೇವೆ. ತೊಟ್ಟಿಲಲ್ಲಿದ್ದ ಮಗು ಯಾವ ಪಾಪ ಮಾಡಿತ್ತು? ವಿಪತ್ತು ನಮ್ಮನ್ನು ನಮ್ಮ ಪಾಪಗಳ ಬಗ್ಗೆ ಚಿಂತಿಸುವಂತೆ ಮಾಡಿದರೆ ಅದು ಒಳಿತು. ಸತ್ತವರ ಪಾಪಗಳ ಲೆಕ್ಕ ಹಾಕುವಂತೆ ಮಾಡಿದರೆ ಅದು ಹೃದಯದ ರೋಗ. ಈ ಮಾತಿನಿಂದ ಇನ್ನೊಂದು ಅನ್ಯಾಯವೂ ಆಗುತ್ತದೆ. ಎಲ್ಲವನ್ನೂ ಅಝಾಬ್ ಎಂದು ಕರೆದುಬಿಟ್ಟರೆ ಕಳಪೆ ಕಟ್ಟಡ ಕಟ್ಟಿದ ಗುತ್ತಿಗೆದಾರನೂ, ಅಕ್ರಮ ಕಟ್ಟಡಗಳನ್ನು 2018ರಲ್ಲಿ ಸಕ್ರಮಗೊಳಿಸಿದ ತುರ್ಕಿಯ ಸರಕಾರವೂ, ಲಾರಿಗಳನ್ನು ತಡೆದ ಅಧಿಕಾರಸ್ಥರೂ ಸುಲಭವಾಗಿ ಪಾರಾಗುತ್ತಾರೆ.

ಇನ್ನು ನಮ್ಮ ಕಡೆ ತಿರುಗೋಣ. 2015ರ ಏಪ್ರಿಲ್‌ನಲ್ಲಿ ನೇಪಾಳ ಕಂಪಿಸಿ ಸುಮಾರು ಒಂಬತ್ತು ಸಾವಿರ ಮಂದಿ ಸತ್ತರು. ನೇಪಾಳ ನಮ್ಮ ನೆರೆಮನೆ. ಅಲ್ಲಿನವರು ನಮ್ಮ ಪಟ್ಟಣಗಳ ಹೊಟೇಲುಗಳಲ್ಲಿ ದುಡಿಯುತ್ತಾರೆ, ರಾತ್ರಿ ನಮ್ಮ ಬೀದಿ ಕಾಯುತ್ತಾರೆ. ತುರ್ಕಿಗಾಗಿ ಎತ್ತಿದ ಕೈಗಳನ್ನು ನಾವು ನೇಪಾಳಕ್ಕಾಗಿಯೂ ಅಷ್ಟೇ ಆರ್ದ್ರತೆಯಿಂದ ಎತ್ತಿದೆವೇ? ಜುಮಾದ ಬಳಿಕ ಎಷ್ಟು ಮಸೀದಿಗಳ ಬಾಗಿಲಲ್ಲಿ ಅವರಿಗಾಗಿ ವಸ್ತ್ರ ಹಾಸಲಾಯಿತು? ತುರ್ಕಿಗೆ ಏಕೆ ಕೊಡಬೇಕೆಂದು ಕೇಳಿದವರ ಸಂಕುಚಿತತೆ ನಮಗೆ ನೋವುಂಟು ಮಾಡುತ್ತದೆ. ಅದೇ ಸಂಕುಚಿತತೆ ಬೇರೆ ಉಡುಪಿನಲ್ಲಿ ನಮ್ಮೊಳಗೂ ಕುಳಿತಿಲ್ಲವೇ? ಹಸಿದವನ ಧರ್ಮ ಕೇಳಿ ಅನ್ನ ಬಡಿಸುವುದು ಇಸ್ಲಾಮಿನ ಪಾಠವಲ್ಲ.

ಕಣ್ಣೀರು ಬೇಗನೆ ಆರುತ್ತದೆ ಎಂಬುದೂ ಸತ್ಯ. ಭೂಕಂಪವಾಗಿ ಐದು ತಿಂಗಳಾಗುವಷ್ಟರಲ್ಲಿ, 2023ರ ಜುಲೈಯಲ್ಲಿ, ಭದ್ರತಾ ಮಂಡಳಿ ಒಮ್ಮತಕ್ಕೆ ಬಾರದೆ ಬಾಬುಲ್ ಹವಾದ ಅನುಮತಿ ಮುಗಿದುಹೋಯಿತು. ಎರಡು ತಿಂಗಳಿಗೂ ಹೆಚ್ಚು ಕಾಲ ವಿಶ್ವಸಂಸ್ಥೆಯ ಲಾರಿಗಳು ಆ ದ್ವಾರದಿಂದ ಸಾಗಲಿಲ್ಲ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಗಮನಿಸಿದೆವು? 2024ರ ಡಿಸೆಂಬರ್‌ನಲ್ಲಿ ಅಸದ್ ಆಡಳಿತವೇ ಉರುಳಿತು. ಆದರೆ ನಾಲ್ಕು ದಿನ ಕಾದು ಸತ್ತವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಪಾಠವನ್ನು ಯಾರೂ ಕಲಿತಂತಿಲ್ಲ. 2025ರ ಆಗಸ್ಟ್ 31ರ ರಾತ್ರಿ ಅಫ್ಘಾನಿಸ್ತಾನದ ಕುನರ್ ಪ್ರಾಂತ ಕಂಪಿಸಿ 2,200ಕ್ಕೂ ಅಧಿಕ ಮಂದಿ ಸತ್ತರು. ಅದಾಗಲೇ ಅಮೆರಿಕ ತನ್ನ ವಿದೇಶಿ ನೆರವನ್ನು ಕಡಿತಗೊಳಿಸಿತ್ತು. ಇತ್ತ ತಾಲಿಬಾನ್ ಸರಕಾರ ಪರಿಹಾರ ಸಂಸ್ಥೆಗಳಲ್ಲಿ ಮಹಿಳೆಯರು ದುಡಿಯುವುದನ್ನು 2022ರಿಂದಲೇ ನಿಷೇಧಿಸಿತ್ತು. ಗಾಯಗೊಂಡ ತಾಯಂದಿರನ್ನು ಉಪಚರಿಸಲು ಸಾಕಷ್ಟು ಮಹಿಳೆಯರಿರಲಿಲ್ಲ. ಕೊಡುವವನ ಕೈಯೂ ಬಿಗಿಯಿತು, ಪಡೆಯುವ ಬಾಗಿಲೂ ಮುಚ್ಚಿತ್ತು.

ನಾವೇನು ಮಾಡಬಹುದು? ಭದ್ರತಾ ಮಂಡಳಿ ನಮ್ಮ ಮಾತು ಕೇಳದು. ನಮ್ಮ ಜಮಾಅತ್‌ಗಳು ಕೇಳಬಹುದು. ವಿಪತ್ತು ಬಂದ ವಾರ ಮಾತ್ರ ಡಬ್ಬಿ ಹಿಡಿಯುವ ಬದಲು ಪ್ರತಿ ಜಮಾಅತ್ ವರ್ಷವಿಡೀ ಒಂದು ವಿಪತ್ತು ನಿಧಿಯನ್ನು ಇರಿಸಲಿ. ಅದರ ಲೆಕ್ಕ ಫಲಕದಲ್ಲಿ ಎಲ್ಲರಿಗೂ ಕಾಣಲಿ. ನೆರವು ಪಡೆಯುವವರ ಪಟ್ಟಿಯಲ್ಲಿ ಧರ್ಮದ ಕಾಲಂ ಇರದಿರಲಿ. ಮನೆಯಲ್ಲಿ ಬೇಡವಾದ ಹಳೆಯ ಬಟ್ಟೆಗಳ ಗಂಟನ್ನು ಕಳುಹಿಸಿ ಪುಣ್ಯ ಗಳಿಸಿದೆವೆಂದು ಭಾವಿಸದಿರೋಣ; ಕಾನೂನಿಗೆ ಬದ್ಧವಾದ, ರಶೀದಿ ಕೊಡುವ ಸಂಸ್ಥೆಗಳ ಮೂಲಕ ಹಣ ನೀಡೋಣ. ಮೊದಲ ವಾರ ಕೊಟ್ಟದ್ದರಲ್ಲಿ ಒಂದು ಪಾಲನ್ನು ಆರನೆಯ ತಿಂಗಳಿಗೂ ಉಳಿಸೋಣ. ಡೇರೆಯಲ್ಲಿ ಚಳಿಗಾಲ ಕಳೆಯುವವನಿಗೆ ಆಗಲೇ ಅದರ ಅಗತ್ಯ ಹೆಚ್ಚು.

ಮುಂದಿನ ಕಂಪನ ಎಲ್ಲಿ ಎಂದು ಅಲ್ಲಾಹನಿಗೆ ಮಾತ್ರ ಗೊತ್ತು. ಅದು ನಮಗೆ ಅಪ್ರಿಯವಾದ ದೇಶದಲ್ಲಿಯೂ ಆಗಬಹುದು, ನಮ್ಮ ಊರಿನಲ್ಲಿಯೂ ಆಗಬಹುದು. ನಾವು ಅವಶೇಷಗಳಡಿ ಸಿಲುಕಿದ ದಿನ ಯಾರೂ ನಮ್ಮ ಹೆಸರು, ಊರು, ಪಕ್ಷ ಕೇಳದೆ ಕೈಚಾಚಬೇಕೆಂದು ಬಯಸುವವರು ಇಂದು ಹಾಗೆಯೇ ಕೈಚಾಚಲು ಕಲಿಯಬೇಕಾಗಿದೆ.