ಜಾಮೀನು ನಿಂತವರು
"ಬರೀ ಫಾರ್ಮಾಲಿಟಿ ಕಣೋ, ಇಲ್ಲೊಂದು ಸೈನ್ ಹಾಕು" ಎನ್ನುವವನು ಎಂದೂ ಅಪರಿಚಿತನಾಗಿರುವುದಿಲ್ಲ. ಅಪರಿಚಿತನಿಗೆ ನಾವು ಜಾಮೀನು ನಿಲ್ಲುವುದೂ ಇಲ್ಲ. ಬಾಲ್ಯದ ಗೆಳೆಯನೋ, ಷಡ್ಡಕನೋ, ಪಕ್ಕದ ಮೇಜಿನ ಸಹೋದ್ಯೋಗಿಯೋ ಸೊಸೈಟಿ ಸಾಲದ ಅರ್ಜಿ ಹಿಡಿದು ನಿಂತಾಗ, ಅದನ್ನು ಓದಿ ನೋಡುವುದೇ ಅವನಿಗೆ ಅವಮಾನ ಮಾಡಿದಂತೆ ಅನಿಸುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಸಾಲಗಾರನಿಗೆಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಮೊದಲು ಅವನ ಆಸ್ತಿ ಹರಾಜು ಹಾಕಿ, ಆಮೇಲೆ ನನ್ನ ಬಳಿ ಬನ್ನಿ ಎಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಕಂತು ತಪ್ಪಿದರೆ ನೋಟಿಸು ಬರುತ್ತದೆ, ಸಂಬಳಕ್ಕೂ ಕತ್ತರಿ ಬೀಳಬಹುದು. ದುಡ್ಡಿನ ಸಂಕಟವನ್ನು ಹೇಗೋ ತಡೆದುಕೊಳ್ಳಬಹುದು (ಕಟ್ಟಿದವರು ಇದನ್ನೂ ಒಪ್ಪಲಾರರು, ಬಿಡಿ). ಕರುಳು ಹಿಂಡುವುದು ಬೇರೆಯೇ. ಮೊದಲ ರಿಂಗಿಗೇ ಫೋನೆತ್ತುತ್ತಿದ್ದವನು ಈಗ ಎತ್ತುವುದಿಲ್ಲ, ಮದುವೆ ಮನೆಯಲ್ಲಿ ಎದುರಾದರೆ ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸುತ್ತಾನೆ, ಅವನ ಹೆಂಡತಿ ಏನೂ ತಿಳಿಯದವಳಂತೆ, ಬಹುಶಃ ನಿಜಕ್ಕೂ ತಿಳಿಯದೆಯೇ, "ಅಣ್ಣಾ, ಊಟ ಆಯ್ತಾ?" ಎಂದು ಕೇಳುತ್ತಾಳೆ. ಜಗಳಕ್ಕಾದರೂ ಬರಬಾರದೇ ಅನಿಸಿಬಿಡುತ್ತದೆ. ಸಾಲ ಮುಳುಗಿಸಿದ್ದಕ್ಕೆ ಕ್ಷಮೆಯಿದೆ, ವ್ಯಾಪಾರ ಯಾರಿಗಾದರೂ ಕೈಕೊಡಬಹುದು. ಮುಖ ತಪ್ಪಿಸಿ ಓಡಾಡಿದ್ದಕ್ಕೆ ನನ್ನ ಮಟ್ಟಿಗಂತೂ ಇಲ್ಲ. ಹಾಗಂತ ಸಂಕೋಚಪಟ್ಟುಕೊಂಡು ಸುಮ್ಮನಿರಬೇಡಿ, ಕಟ್ಟಿದ ಒಂದೊಂದು ರಸೀದಿಯನ್ನೂ ಜೋಪಾನವಾಗಿಡಿ. ಜಾಮೀನುದಾರ ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡಿಕೊಳ್ಳಲು ಅದೇ ಕಾಯ್ದೆಯ 145ನೇ ಕಲಮಿನಲ್ಲಿ ಅವಕಾಶವಿದೆ.